ಉಡಿಗೆ ಬಿದ್ದ ಹಾಲಿ ರೂಪಾಯಿ

ನನ್ನ ಸೋದರಮಾವ ದುಡ್ಡು ಕೊಟ್ಟು ದುಡ್ಡು ಕೊಳ್ಳುವ ಮನುಷ್ಯ. ಸುಳ್ಳಲ್ಲ, ಖರೆ! ಸಾವಿರಾರು ರೂಪಾಯಿ ಸುರಿದು ಒಂದೇ ಒಂದು ರೂಪಾಯಿ ತರಿಸಿಕೊಂಡು, ಅದನ್ನು ತಿರುವಿ ಮುರುವಿ ನೋಡಿ, “ಭಾಳ ಅಗ್ಗ ಸಿಕ್ತು” ಎಂದು ಮೀಸೆ ಸವರಿಕೊಳ್ಳುತ್ತಾನೆ. ಇಂಥವನ ಲೆಕ್ಕ ನಂಬಿ ಗಂಗಾವತಿಯ ಮಂದಿ ಇಷ್ಟು ವರ್ಷ ವ್ಯಾಪಾರ ಮಾಡಿದರಲ್ಲ, ಅವರ ಧೈರ್ಯ ಮೆಚ್ಚಬೇಕು!

ಮಾಮಾ ಗಂಗಾವತಿಯಲ್ಲಿ ಅಕ್ಕಿ ದಲಾಲಿ ಮಾಡಿದವನು. ಒಂದು ಹಿಡಿ ಅಕ್ಕಿಯನ್ನು ಅಂಗೈ ಮೇಲೆ ಹರಡಿ, ಉಫ್ ಎಂದು ಊದಿ, ನಾಲ್ಕು ಕಾಳು ಬಾಯಿಗೆ ಎಸೆದು ಕಟಕ್ಕನೆ ಕಡಿದನೆಂದರೆ ದರ ಬಂತೆಂದೇ ಲೆಕ್ಕ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಆ ಅಂಗೈಗೆ ಕೆಲಸವಿಲ್ಲದಂತಾಯಿತು. ಬೇರೆಯವರಾಗಿದ್ದರೆ ತೀರ್ಥಯಾತ್ರೆಗೆ ಹೋಗುತ್ತಿದ್ದರು, ಇಲ್ಲವೇ ಸಕ್ಕರೆ ಕಾಯಿಲೆ ಹಚ್ಚಿಕೊಳ್ಳುತ್ತಿದ್ದರು. ಮಾಮಾ ನಾಣ್ಯ ಹಚ್ಚಿಕೊಂಡ.

ಅದೂ ಎಂಥ ನಾಣ್ಯ? ಹಾಲಿ ಸಿಕ್ಕಾ! ನಮ್ಮ ಸೀಮೆ ನಿಜಾಮನ ಕೈಯಲ್ಲಿದ್ದಾಗ ಇಲ್ಲಿ ಓಡಾಡುತ್ತಿದ್ದ, ಚಾರ್ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ. ಹಾಲಿ ಎಂದರೆ ಈಗ ಚಾಲ್ತಿಯಲ್ಲಿರುವುದು ಎಂದರ್ಥ. ಚಲಾವಣೆ ನಿಂತು ಯಾವ ಕಾಲವಾಯಿತೋ, ಆದರೂ ಅದು ಹಾಲಿಯೇ. ಮಾಜಿಯಾದ ಮೇಲೂ ಹಾಲಿ ಎನ್ನಿಸಿಕೊಳ್ಳುವ ಭಾಗ್ಯ ನಮ್ಮ ಶಾಸಕರಿಗೂ ಇಲ್ಲ ನೋಡಿ!

“ಅದು ನಮ್ಮ ಊರಾಗ ಮನಿಮನಿಗೆ ಐತಲ್ಲ ಮಾಮಾ, ಅಂಚ್ಯಾಗ ಯಾಕ ತರಸ್ತೀ?” ಎಂದು ಒಮ್ಮೆ ಕೇಳಿದೆ. ಮಾಮಾ ಹಣೆ ಬಡಿದುಕೊಂಡ. “ಐತವ್ವ, ಐತಿ. ದೀಪಾವಳಿ ಬಂತಂದ್ರ ಒಬ್ಬೊಬ್ಬ ಗರತಿನೂ ಹುಣಸಿಹಣ್ಣು ತಗೊಂಡು ತಿಕ್ಕಿದ್ದೇ ತಿಕ್ಕಿದ್ದು! ಅಜ್ಜಿ ತಿಕ್ಕಿದ್ಲು, ಸೊಸಿ ತಿಕ್ಕಿದ್ಲು, ಮೊಮ್ಮಗನ ಹೇಂತಿ ತಿಕ್ಕಿದ್ಲು. ನಿಜಾಮನ ಚಾರ್ಮಿನಾರ್ ಈಗ ಬೋಳಗುಡ್ಡ ಆಗೇತಿ!” ಅಡಿಗೆಮನೆಯಿಂದ ಅತ್ತೆಯ ದನಿ ಬಂತು: “ಲಕ್ಷ್ಮಿ ಪೂಜಿಗೆ ಹೊಲಸು ರೊಕ್ಕ ಇಡ್ತಾರೇನು?” ಒಂದು ವರ್ಷ ಅತ್ತೆ ತಿಕ್ಕಿ ತಿಕ್ಕಿ ಫಳಫಳ ಹೊಳೆಯಿಸಿಟ್ಟ ನಾಣ್ಯ ನೋಡಿ ಮಾಮಾ ಎರಡು ಹೊತ್ತು ಉಂಡಿರಲಿಲ್ಲ. ಹಳೆ ನಾಣ್ಯಕ್ಕೆ ಅದರ ಕಪ್ಪೇ ಚೆಂದವಂತೆ. ತೊಳೆದರೆ ಬೆಲೆ ಅರ್ಧಕ್ಕರ್ಧ ಇಳಿಯುತ್ತದಂತೆ. ಜಗತ್ತಿನಲ್ಲಿ ಸ್ನಾನ ಮಾಡಿಸಿದರೆ ಬೆಲೆ ಕಳೆದುಕೊಳ್ಳುವ ವಸ್ತು ಇನ್ನಾವುದಿದೆಯೋ ನನಗೆ ಗೊತ್ತಿಲ್ಲ.

ಹಾಗಾಗಿ ಹುಣಸೆಹಣ್ಣು ಮುಟ್ಟದ ನಾಣ್ಯಕ್ಕಾಗಿ ಮಾಮಾ ದೂರದ ಊರುಗಳ ವ್ಯಾಪಾರಿಗಳನ್ನು ಹಿಡಿದ. ಅವರು ದರಪಟ್ಟಿ ಕಳಿಸುತ್ತಾರೆ, ಫೋನಿಗೆ ಫೋಟೋ ಹಾಕುತ್ತಾರೆ, ಹಣ ಮುಟ್ಟಿದ ಮೇಲೆ ನಾಣ್ಯವನ್ನು ಅಂಚೆಗೆ ಹಾಕುತ್ತಾರೆ. ಅಲ್ಲಿಂದ ಶುರು ಕುಸ್ತಿ! ಫೋಟೋ ನೋಡಿ ಮಾಮಾ ಮೊದಲು ಕೇಳುವುದು, “ಇದು ಮದಿವಿ ಫೋಟೋ ಆತು. ಆಧಾರ್ ಕಾರ್ಡಿನ ಫೋಟೋ ಇದ್ರ ಕಳಸ್ರಿ.” ಒಬ್ಬ ವ್ಯಾಪಾರಿ “ಬಹುತೇಕ ಚಲಾವಣೆಯಾಗದ ನಾಣ್ಯ” ಎಂದು ಬರೆದಿದ್ದ. ಮಾಮಾ ಫೋನಿನಲ್ಲೇ ಗುಡುಗಿದ: “ಬಹುತೇಕ ಅಂದ್ರೇನ್ರಿ? ಕುಷ್ಟಗಿ ಬಸ್ಸು ಬಹುತೇಕ ಸಿಕ್ಕಿತ್ತು ಅಂದ್ರ, ಸಿಗಲಿಲ್ಲ ಅಂತಲ್ಲೇನು ಅರ್ಥ?”

“ಅವರು ಹೇಳಿದ್ದು ನಂಬಬಾರದೇನು ಮಾಮಾ?” ಎಂದರೆ ನಗುತ್ತಾನೆ. “ನಾ ಮಾರಾಂವ ಆಗಿದ್ದಾಗ ಏನು ಮಾಡ್ತಿದ್ದೆ? ಹೊಸ ಅಕ್ಕಿನ ಹಳೇದು ಅಂತ ಮಾರ್ತಿದ್ದೆ. ಇವರು ಹಳೇ ರೊಕ್ಕನ ಹೊಸಾದರಂಗ ಐತಿ ಅಂತ ಮಾರ್ತಾರ. ಕಸಬು ಒಂದ!” ಇಂಥ ಪ್ರಾಮಾಣಿಕ ಮನುಷ್ಯನ ಮುಂದೆ ಇನ್ನೇನು ವಾದ ಮಾಡುವುದು?

ನಾಣ್ಯದವರ ಗ್ರೇಡುಗಳದ್ದೇ ಒಂದು ತಮಾಷೆ. ಚೂರೂ ಸವೆಯದ್ದು ಎಲ್ಲಕ್ಕೂ ಮೇಲೆ. ಆಮೇಲೆ ಎಕ್ಸ್‌ಟ್ರಾ ಫೈನ್, ವೆರಿ ಫೈನ್, ಫೈನ್. ಇನ್ನು ಗುಡ್ ಎಂದರೆ? ಮುಖ ಮೂಗು ಎಲ್ಲ ಸವೆದು ಹೋಗಿ, ಯಾವ ರಾಜನದೆಂದು ಗುರುತು ಸಿಕ್ಕರೆ ಪುಣ್ಯ ಎನ್ನುವಂಥದ್ದು! ಮಾಮಾನ ಬಾಯಲ್ಲಿ ಗುಡ್ ಎನ್ನುವುದು ಬೈಗುಳ. ಇದು ಮನೆಮಂದಿಗೆಲ್ಲ ಗೊತ್ತು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ನನ್ನನ್ನು ನೋಡಲು ಅಳವಂಡಿಯಿಂದ ವರನ ಕಡೆಯವರು ಕುಷ್ಟಗಿಯ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು, ಚಹಾ ಎಲ್ಲ ಮುಗಿದ ಮೇಲೆ ಹುಡುಗನ ಕಾಕಾ ಕೇಳಿದರು: “ಹಿರೇರು ನೀವು, ಹೇಳ್ರಿ. ನಮ್ಮ ಹುಡುಗ ಹೆಂಗದಾನ?” ಮಾಮಾ ಕನ್ನಡಕ ಏರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ನೋಡಿ, “ಗುಡ್” ಎಂದ. ಬೀಗರು ಹಿಗ್ಗಿ ಹೀರೇಕಾಯಿಯಾದರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಎದೆ ಧಸಕ್ಕೆಂದಿತು! ಅವರು ಹೋದ ಮೇಲೆ ಮಾಮಾನನ್ನು ಹಿಡಿದು ಕೇಳಿದರೆ, “ಹಂಗಲ್ಲವ್ವ. ನೆತ್ತಿ ಸ್ವಲ್ಪ ಸವದೈತಿ. ಲೋಹ ಶುದ್ಧ ಐತಿ. ಒಪ್ಕೊ” ಎಂದ. ಒಪ್ಪಿಕೊಂಡೆ. ಲೋಹ ನಿಜಕ್ಕೂ ಶುದ್ಧವಿದೆ, ನೆತ್ತಿಯ ವಿಷಯ ಈಗ ಬೇಡ.

ಆದರೆ ಒಂದು ದಿನ ಮಾಮಾ ನಾಣ್ಯ ನೋಡುವ ಭೂತಗನ್ನಡಿಯಲ್ಲಿ ನಾನೂ ಇಣುಕಿದೆ. ಆಗ ಗೊತ್ತಾಯಿತು ಹುಚ್ಚು ಹೇಗೆ ಹತ್ತುತ್ತದೆಂದು! ಚಾರ್ಮಿನಾರಿನ ನಡುವಿನ ಬಾಗಿಲಲ್ಲಿ ಒಂದು ಪುಟ್ಟ ಅಕ್ಷರವಿದೆ, ನಿಜಾಮನ ಹೆಸರಿನ ಮೊದಲ ಅಕ್ಷರವಂತೆ. ಬರಿಗಣ್ಣಿಗೆ ಅದೊಂದು ಚುಕ್ಕೆ. ಗಾಜಿನಡಿಯಲ್ಲಿ ಬಾಗಿಲೊಳಗೆ ಯಾರೋ ನಿಂತು ಹೊರಗೆ ನೋಡುತ್ತಿರುವಂತೆ ಕಾಣುತ್ತದೆ. ಇದು ಯಾರ ಗಂಟಿನಲ್ಲಿತ್ತೋ, ಯಲಬುರ್ಗಾ ಸಂತೆಯಲ್ಲಿ ಯಾವ ಎತ್ತಿಗೆ ಹೋಯಿತೋ, ಯಾವ ಮದುಮಗಳ ಕೈಗೆ ಬಂತೋ? “ಆ ಅಕ್ಷರ ಪೂರಾ ಇದ್ದದ್ದು ಒಂದು ಸಿಕ್ಕರ ಸಾಕವ್ವ, ಮುಂದ ನಾ ಏನೂ ಕೊಳ್ಳಂಗಿಲ್ಲ” ಎಂದ ಮಾಮಾ. ಅತ್ತೆ ಆ ಮಾತನ್ನು ಎಷ್ಟು ನಂಬಿದಳೆಂದರೆ, ಅಂದಿನಿಂದ ಅಂಚೆಯವನು ಬಂದರೆ ಚಹಾ ಕೊಡುವುದನ್ನೇ ಬಿಟ್ಟಳು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಆ ರೂಪಾಯಿ ಕೊನೆಗೂ ಬಂತು. ನಾನು ಬಸುರಿಯಾಗಿದ್ದಾಗ, ಬಯಕೆ ಊಟಕ್ಕೆಂದು ಮಾಮಾನ ಮನೆಗೆ ಹೋದ ದಿನವೇ ಬಂತು. ಇದಕ್ಕೆ ಮುಂಚೆ ಎರಡು ಸಲ ನನ್ನ ಒಡಲು ತುಂಬಿ ಬರಿದಾಗಿತ್ತು. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ. ಈ ಸಲ ಏಳು ತಿಂಗಳು ದಾಟಿದ್ದಕ್ಕೆ ಅತ್ತೆ ಹೋಳಿಗೆ ಮಾಡಿ, ಮಡಿಲು ತುಂಬಲು, ನಮ್ಮ ಕಡೆಯ ಮಾತಿನಲ್ಲಿ ಉಡಿ ತುಂಬಲು, ಕರೆದಿದ್ದಳು. ನಾನು ನಗುನಗುತ್ತ ಹೋದೆ, ಆದರೆ ಒಳಗೆ ಪ್ರಾಣ ಹಿಡಿದುಕೊಂಡೇ ಇದ್ದೆ.

ಮುಂದಿನದು ನನಗೆ ತಿಳಿದದ್ದು ಆಮೇಲೆ, ಅತ್ತೆ ಹೇಳಿ. ಮಾಮಾ ಪೊಟ್ಟಣ ಬಿಚ್ಚಿ ಗಾಜು ಹಿಡಿದರೆ ಬಾಗಿಲಿನ ಅಕ್ಷರದ ಬಾಲ ಸವೆದಿತ್ತಂತೆ! ವ್ಯಾಪಾರಿ ಎಕ್ಸ್‌ಟ್ರಾ ಫೈನ್ ಎಂದು ಹಾಕಿದ್ದ. ಮಾಮಾನ ಪ್ರಕಾರ ಅದು ವೆರಿ ಫೈನ್, ಅದೂ ದೊಡ್ಡ ಮನಸ್ಸು ಮಾಡಿದರೆ. ಕೊಟ್ಟ ಬೆಲೆಯಲ್ಲಿ ಅತ್ತೆಗೆ ಹೊಸ ಮಿಕ್ಸರ್ ಬರುತ್ತಿತ್ತು. ನಾಣ್ಯವನ್ನು ಜೋಪಾನವಾಗಿ ದೇವರ ಜಗಲಿಯ ಮೇಲಿಟ್ಟು, ಮಾಮಾ ಮಾಳಿಗೆ ಹತ್ತಿ ಆ ವ್ಯಾಪಾರಿಗೆ ಫೋನು ಹಚ್ಚಿದ. ಒಂದು ಗಂಟೆಯ ಮಹಾಯುದ್ಧ! ಕೊನೆಗೆ ಆತ ಸೋತು, “ವಾರದೊಳಗೆ ವಾಪಸ್ ಕಳಿಸಿ, ಪೂರ್ತಿ ಹಣ ಕೊಡುತ್ತೇನೆ” ಎಂದನಂತೆ. ನಾಣ್ಯದ ವ್ಯಾಪಾರಿಯೊಬ್ಬ ಮಾಮಾನಿಗೆ ಸೋತದ್ದು ಅದೇ ಮೊದಲು.

ಗೆದ್ದ ಪೈಲ್ವಾನನ ಹಾಗೆ ಮಾಮಾ ಕೆಳಗಿಳಿದು ಬಂದರೆ ಜಗಲಿಯ ಮೇಲೆ ನಾಣ್ಯವಿಲ್ಲ. ನಾನೂ ಇಲ್ಲ, ಅಳವಂಡಿಗೆ ಬಸ್ಸು ಹತ್ತಿಯಾಗಿತ್ತು.

“ಇಲ್ಲಿದ್ದ ರೂಪಾಯಿ ಎಲ್ಲೈತಿ?”

“ಉಡಿಗೆ ಹಾಕಿದೆ” ಎಂದಳು ಅತ್ತೆ. “ಉಡಿ ತುಂಬೋ ದಿನ ಜಗಲಿ ಮ್ಯಾಲೆ ಬೆಳ್ಳಿ ರೂಪಾಯಿ ಇದ್ರ ಅದು ಇನ್ಯಾತಕ್ಕ? ಒಮ್ಮೆರ ಬುದ್ಧಿ ಬಂತಲ್ಲ ನಿಮಗ ಅಂತ ಹಿಗ್ಗಿದ್ದೆ ನಾ!”

ಮಾಮಾ ಅಲ್ಲೇ ಕುಸಿದು ಕುಳಿತನಂತೆ. ಫೋನು ಮಾಡಿ ಕೇಳುತ್ತೇನೆ ಎಂದದ್ದಕ್ಕೆ ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. “ಉಡಿಗೆ ಹಾಕಿದ್ದನ್ನ ಹೊಳ್ಳಿ ಕೇಳ್ತಾರೇನ್ರಿ? ಅದೂ ಆ ಕೂಸಿನ ಉಡಿ! ಎರಡು ಸಲ ನೊಂದಾಳ. ಕೇಳಿದ್ರ ನಾ ಈ ಮನ್ಯಾಗ ಇರಂಗಿಲ್ಲ!”

ಮಾಮಾ ದಲಾಲಿ. ಕೇಳದೆ ಪಡೆಯುವ ದಾರಿ ಅವನಿಗೆ ಗೊತ್ತು. ಪೇಟೆಗೆ ಹೋಗಿ ಲಕ್ಷ್ಮಿ ಚಿತ್ರದ ಹೊಸ ಬೆಳ್ಳಿ ನಾಣ್ಯ ಕೊಂಡ. ಇದನ್ನು ಕೊಟ್ಟು ಅದನ್ನು ಬದಲಾಯಿಸಿಕೊಂಡರೆ ಕೇಳಿದಂತೆ ಹೇಗಾದೀತು? ವಾರದ ಗಡುವಿನ ಕೊನೆಯ ದಿನ ಕೊಪ್ಪಳದ ಬಸ್ಸು ಹಿಡಿದು, ಅಲ್ಲಿಂದ ಅಳವಂಡಿಯ ಬಸ್ಸು ಹತ್ತಿ ನಮ್ಮ ಮನೆಗೆ ಬಂದ.

ನನಗೇನು ಗೊತ್ತು? ಉಡಿಗೆ ಬಿದ್ದದ್ದು ಅತ್ತೆಯ ಪೂಜೆಯ ಹಳೆ ರೂಪಾಯಿ ಎಂದುಕೊಂಡಿದ್ದೆ. ಮಾಮಾ ನನ್ನನ್ನು ನೋಡಲು ಬಂದಿದ್ದಾನೆಂದು ಹಿಗ್ಗಿದೆ. ಬಂದವನು ಬಿಸಿಲಿನ ಸುದ್ದಿ ಹೇಳಿದ, ಬಸ್ಸಿನ ಸುದ್ದಿ ಹೇಳಿದ, ಕಣ್ಣು ಮಾತ್ರ ನಮ್ಮ ಜಗಲಿಯ ಮೇಲೆ. ಕೊನೆಗೆ ಗಂಟಲು ಸರಿಮಾಡಿಕೊಂಡು, “ಮೊನ್ನೆ ನಿಮ್ಮತ್ತಿ ಉಡಿಯಾಗ ಏನೇನು ಹಾಕಿದ್ಲವ್ವ?” ಎಂದ.

“ಅಕ್ಕಿ, ಕೊಬ್ಬರಿ, ಉತ್ತತ್ತಿ.”

“ಮತ್ತ?”

“ಅರಿಶಿಣ ಬೇರು, ಎಲಿ ಅಡಿಕಿ.”

“ಮತ್ತ?”

ಅತ್ತೆಯ ಜಿಪುಣತನ ಪರೀಕ್ಷೆ ಮಾಡಲು ಬಂದಿದ್ದಾನೋ ಎಂದು ನನಗೆ ನಗು ಬಂತು! “ಮತ್ತ ಒಂದು ರೂಪಾಯಿ” ಎಂದು ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದೆ. ಅರಿಶಿಣ ಮೆತ್ತಿತ್ತು, ಕೊಬ್ಬರಿ ಎಣ್ಣೆ ಹತ್ತಿತ್ತು, ಬೆವರಿನಿಂದ ಒಂದು ಬದಿ ಮಂಕಾಗಿತ್ತು. ಮಾಮಾನ ಮುಖವೂ ಹಾಗೇ ಆಯಿತು. ಆದರೂ ಕೈ ಜೇಬಿಗೆ ಹೋಯಿತು.

“ಇದನ್ನ ಯಾಕವ್ವ ಸೆರಗಿನಾಗ ಕಟ್ಟಿಕೊಂಡಿ?”

ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಮಾಮಾನಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. “ರಾತ್ರಿ ಕೂಸು ಆಡೋದು ನಿಂತಂಗ ಅನಸ್ತೈತಿ ಮಾಮಾ. ಭಾಳ ಅಂಜಿಕಿ ಬರ್ತೈತಿ, ನಿದ್ದಿ ಹತ್ತಂಗಿಲ್ಲ. ಆವಾಗ ಇದನ್ನ ಮುಷ್ಟ್ಯಾಗ ಹಿಡ್ಕೊಂಡು ಮಲಗತೇನಿ. ಬೆಳತನ ಹಿಡ್ಕೊಂಡ ಇರ್ತೇನಿ.”

ಮಾಮಾ ಜೇಬಿನಿಂದ ಲಕ್ಷ್ಮಿ ನಾಣ್ಯ ತೆಗೆದು ನನ್ನ ಕೈಗಿಟ್ಟ. “ಇದು ಜಗಲಿ ಮ್ಯಾಲೆ ಇರಲಿ. ಅದು ನಿನ್ನ ಕೈಯಾಗ ಇರಲಿ” ಎಂದು ಎದ್ದುಬಿಟ್ಟ. ಬಿಸಿ ರೊಟ್ಟಿ ಹಾಕುತ್ತೇನೆ ಎಂದರೂ ನಿಲ್ಲಲಿಲ್ಲ.

ಸಂಜೆ ಅತ್ತೆಯ ಫೋನು ಬಂತು. ದನಿಯಲ್ಲಿ ಗಾಬರಿ. “ಅಲ್ಲಿ ಏನಾತವ್ವ? ಬಂದವರ ಆ ವ್ಯಾಪಾರಿಗೆ ಫೋನ್ ಹಚ್ಚಿ, ನಿಮ್ಮ ಗ್ರೇಡ ಖರೇ ಐತ್ರಿ, ನಾನ ತಪ್ಪು ನೋಡಿದ್ದೆ ಅಂದ್ರು! ಹಣಿ ಮುಟ್ಟಿ ನೋಡಿದೆ, ಜ್ವರ ಇಲ್ಲ!” ಅವಳು ಎಲ್ಲ ಬಿಡಿಸಿ ಹೇಳಿದ್ದು ಆಗಲೇ. ನಾನು ನಕ್ಕೆ, ಆಮೇಲೆ ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ.

ಮಗಳು ಹುಟ್ಟಿ ತಿಂಗಳು ತುಂಬಿದ ಮೇಲೆ ಮಾಮಾ ನೋಡಲು ಬಂದ. ತೊಡೆಯ ಮೇಲೆ ಮಲಗಿಸಿಕೊಂಡು, ಅವಳು ಅವನ ಬೆರಳು ಹಿಡಿದು ಎಳೆಯುತ್ತಿದ್ದರೆ ಬಿಡಿಸಿಕೊಳ್ಳದೆ ಕುಳಿತಿದ್ದ. ನಾಣ್ಯದ ಮಾತೇ ಎತ್ತಲಿಲ್ಲ. ಹೋಗುವಾಗ ಮಾತ್ರ ಹೊಸ್ತಿಲ ಬಳಿ ನಿಂತು, ಯಾರಿಗೂ ಕೇಳದಂತೆ ಮೆಲ್ಲಗೆ ಕೇಳಿದ:

“ಈಗ ರಾತ್ರಿ ನಿದ್ದಿ ಹತ್ತೈತೇನವ್ವ?”

“ಎಲ್ಲಿ ನಿದ್ದಿ ಮಾಮಾ! ಈಕಿ ಬಿಟ್ರಲ್ಲ?” ಎಂದೆ.

ಮಾಮಾ ಬಾಯಿ ತುಂಬ ನಕ್ಕ. ನಗುತ್ತಲೇ ಕನ್ನಡಕ ತೆಗೆದು, ಧೋತರದ ತುದಿಯಿಂದ ಕಣ್ಣೊರೆಸಿಕೊಂಡ.