ಶಾರ್ಟ್ ಶಿಫ್ಟರ್ ಅಂಗಡಿಯ ಮಾಲೀಕರಿಗೆ, ಒಡೆದ ಕಪಾಟಿನ ವಿಷಯವಾಗಿ

ವೇಗದ ಕಾರುಗಳಿಗೆ ಬಿಡಿಭಾಗ ಒದಗಿಸಿ ಊರಿನ ಗೌರವವನ್ನೂ ಸದ್ದನ್ನೂ ಹೆಚ್ಚಿಸುತ್ತಿರುವ ಮಾನ್ಯರೇ,

ತಾವೂ ತಮ್ಮ ವ್ಯಾಪಾರವೂ ತಮ್ಮ ಹೊಸ ಗಾಜಿನ ಕಪಾಟೂ ಕ್ಷೇಮವೆಂದು ನಂಬಿ, ಹಳೆಯ ಕಪಾಟಿನ ಬಗ್ಗೆ ತಾವು ಅಂಗಡಿಯ ಬಾಗಿಲಿಗೂ ಜಾಲತಾಣಕ್ಕೂ ಹಾಕಿರುವ ಪ್ರಕಟಣೆಯನ್ನು ವಿನಯದಿಂದ ತಿದ್ದಲು ಈ ಪತ್ರ ಬರೆಯುತ್ತಿದ್ದೇನೆ. "ವೃದ್ಧ ಗ್ರಾಹಕಿಯೊಬ್ಬರು ಗೇರ್ ತಪ್ಪಾಗಿ ಹಾಕಿದ್ದರಿಂದ ಅಪಘಾತ ಸಂಭವಿಸಲ್ಪಟ್ಟಿತು" ಎಂದಿದ್ದೀರಿ. ವೃದ್ಧೆ ಎಂಬುದು ನಿಜ, ಗ್ರಾಹಕಿ ಎಂಬುದೂ ನಿಜ. ಅಪಘಾತವು ಸಂಭವಿಸುತ್ತದೆಯೇ ಹೊರತು ಸಂಭವಿಸಲ್ಪಡುವುದಿಲ್ಲ. ಇದನ್ನು ಮಾಡಿದವರಂತೂ ತಮ್ಮ ತಜ್ಞರು. ಚಾಲಕನ ಸೀಟಿನಲ್ಲಿ ಅವರಿದ್ದರು; ನಾನು ಪಕ್ಕದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಈಗ ನನ್ನ ಮಗಳು ಆ ಪ್ರಕಟಣೆಯನ್ನು ಮುಂದಿಟ್ಟುಕೊಂಡು ನನ್ನ ಕಾರಿನ ಕೀಲಿ ಕಸಿದುಕೊಂಡಿದ್ದಾಳೆ. "ಓದ್ದೋರೆಲ್ಲ ಕೇಳ್ತಿದಾರೆ ಅಮ್ಮ, ಇನ್ನು ಸಾಕು ಮಾಡು" ಎನ್ನುತ್ತಾಳೆ. ನಿವೃತ್ತಿಯಾದ ವಾರವೇ ನಾನಾಗಿ ಆರಿಸಿಕೊಂಡ, ಎರಡೇ ಬಾಗಿಲಿನ, ಟರ್ಬೊ ಎಂಜಿನ್ನಿನ ಕಾರದು. ಒಂಬತ್ತು ವರ್ಷಗಳಲ್ಲಿ ನನ್ನ ಕೈಯಲ್ಲಿ ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ನಾನು ತಮ್ಮಲ್ಲಿಗೆ ಬಂದದ್ದು ಶೋಕಿಗಲ್ಲ. ಗೇರಿನ ಕಡೆಯ ಭುಜ ಬಿಗಿದು ನೋಯುತ್ತಿದ್ದು, ಮೂರನೆಯ ಗೇರಿಗೆ ಕೈ ಚಾಚುವಾಗಲೆಲ್ಲ ಪ್ರಾಣ ಬಾಯಿಗೆ ಬರುತ್ತಿತ್ತು. ಲಿವರಿನ ಓಟ, ಅಂದರೆ ಗೇರಿನಿಂದ ಗೇರಿಗೆ ಅದು ಸರಿಯುವ ದೂರ, ಗಿಡ್ಡವಾದರೆ ಇನ್ನಷ್ಟು ವರ್ಷ ನಾನೇ ಓಡಿಸಬಹುದೆಂದು ಆಸೆಪಟ್ಟೆ. ತಮ್ಮ ತಜ್ಞರು ಮೇಜಿನ ಮೇಲೆ ಓಟ ಗಿಡ್ಡ ಮಾಡುವ ಎರಡು ಗೇರ್ ಲಿವರುಗಳನ್ನು, ತಮ್ಮ ಭಾಷೆಯಲ್ಲಿ ಶಾರ್ಟ್ ಶಿಫ್ಟರುಗಳನ್ನು, ಇಟ್ಟರು. ಒಂದರಲ್ಲಿ ಓಟ ತುಸುವೇ ಕಡಿಮೆ, ಆದರೆ ಲಿವರಿನ ಉಂಗುರವನ್ನು ಮೇಲೆತ್ತದ ಹೊರತು ರಿವರ್ಸ್ ಬೀಳದು. ಇನ್ನೊಂದರಲ್ಲಿ ಓಟ ಅರ್ಧಕ್ಕರ್ಧ ಕಡಿಮೆ, ಉಂಗುರದ ಗೊಡವೆಯಿಲ್ಲ, ಮೊದಲ ಗೇರಿಗೂ ರಿವರ್ಸಿಗೂ ನಡುವೆ ಬೆರಳಗಲದ ಅಂತರ. ನಾನು ಉಂಗುರವಿದ್ದದ್ದನ್ನೇ ಕೇಳಿದೆ. "ಅಯ್ಯೋ ಮೇಡಂ, ಅದು ಕಲಿಯೋರಿಗೆ. ರೇಸ್ ಓಡ್ಸೋರೆಲ್ಲ ಹಾಕ್ಸೋದು ಇದನ್ನೇ" ಎಂದರು. ನಾನೂ ಮರುಳಾದೆ, ನನ್ನ ತಪ್ಪು ಅಷ್ಟೇ.

ಜೋಡಿಸಿ ಮುಗಿಸಿದ ಮೇಲೆ, ಮೊದಲ ಗೇರೆಂದು ಘೋಷಿಸಿ ಅವರು ಕ್ಲಚ್ ಬಿಟ್ಟ ರಭಸಕ್ಕೆ ಕಾರು ಹಿಂದಕ್ಕೆ ನೆಗೆದು ಗಾಜಿನ ಕಪಾಟಿಗೆ ಗುದ್ದಿ, ಅದರಲ್ಲಿದ್ದ ಗೇರ್ ನಾಬುಗಳೆಲ್ಲ ನೆಲದ ತುಂಬ ಉರುಳಾಡಿದವು. ಹಿಂದಕ್ಕೆ ಹೋಗುವುದರಲ್ಲೂ ಇಷ್ಟು ವೇಗ ಸಾಧ್ಯವೆಂದು ತೋರಿಸಿಕೊಟ್ಟ ಆ ಪ್ರತಿಭೆಯನ್ನು ಮನಸಾರೆ ಕೊಂಡಾಡುತ್ತೇನೆ. ಗಾಜು ಇನ್ನೂ ಉದುರುತ್ತಿರುವಾಗಲೇ "ನೋಡಿದ್ರಾ ಮೇಡಂ, ಎಷ್ಟು ಸಲೀಸಾಗಿ ಬಿತ್ತು!" ಎಂದ ಅವರ ಸ್ಥೈರ್ಯವನ್ನು ಹೊಗಳಲು ನನ್ನ ಶಬ್ದಭಂಡಾರ ಸಾಲದು.

ಹೀಗಿರುವಾಗ ನನ್ನ ಬೇಡಿಕೆಗಳು ಅಲ್ಪ. ಪ್ರಕಟಣೆಯನ್ನು ಅಷ್ಟೇ ದಪ್ಪ ಅಕ್ಷರಗಳಲ್ಲಿ ತಿದ್ದಿ, ಉಂಗುರವುಳ್ಳ ಶಿಫ್ಟರನ್ನು ಜೋಡಿಸಿಕೊಡಿ. ಬಿಡುವಿದ್ದರೆ, ತನ್ನನ್ನು ಹಿಡಿದ ಕೈ ಯಾರದೆಂದು ನೆನಪಿಟ್ಟುಕೊಂಡು ಕೇಳಿದವರಿಗೆಲ್ಲ ಗಟ್ಟಿಯಾಗಿ ಹೇಳುವ ಲಿವರೊಂದನ್ನೂ ತಯಾರಿಸಿ. ಅಂಥದ್ದಕ್ಕೆ ಮೊದಲ ಗ್ರಾಹಕಿ ನಾನೇ. ತಮ್ಮ ತಜ್ಞರು ತುಂಬಿದ ಲೋಟ ಹಿಡಿದು ಒಮ್ಮೆ ನನ್ನ ಪಕ್ಕದಲ್ಲಿ ಕುಳಿತು ಗುಡ್ಡದ ತಿರುವುಗಳನ್ನು ಹತ್ತಲಿ. ಮೂರರಿಂದ ಎರಡಕ್ಕೆ ಇಳಿಸುವಾಗ ಒಂದು ಹನಿ ತುಳುಕಿದರೂ, ಕಾರನ್ನೇ ಮಾರಿಬಿಡುತ್ತೇನೆ.

ಸದ್ಯಕ್ಕೆ ಬಸ್ಸಿಗೆ ಕಾಯುತ್ತಿರುವ
ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ

ತಾ.ಕ.: ಪ್ರತ್ಯಕ್ಷದರ್ಶಿಗಳು ಯಾರೂ ಇರಲಿಲ್ಲವೆಂದೂ ತಾವು ಬರೆದಿರುವುದರಿಂದ ಆಗ ಹಾಜರಿದ್ದವರ ಪಟ್ಟಿ ಕೊಡುತ್ತಿದ್ದೇನೆ: ಎರಡೂ ಕಾಲುಗಳನ್ನು ಪೆಡಲುಗಳ ಮೇಲಿಟ್ಟಿದ್ದ ತಜ್ಞರು; ಪಕ್ಕದಲ್ಲಿ ನಾನು; ಬಾಗಿಲ ಬಳಿ ಟೈರ್ ಉರುಳಿಸುತ್ತಿದ್ದ ಮೆಕ್ಯಾನಿಕ್; ಗಲ್ಲಾದ ಹಿಂದೆ ತಮ್ಮ ಭಾವಮೈದುನ; ಮತ್ತು ಇಕ್ಕಟ್ಟಾದ ಹಿಂದಿನ ಸೀಟಿನಿಂದ ಎಲ್ಲವನ್ನೂ ಕಣ್ಣಾರೆ ನೋಡುತ್ತಲೇ, "ಅಮ್ಮಾ, ಬ್ರೇಕ್ ಹಾಕು!" ಎಂದು ನನ್ನನ್ನು ಗದರಿದ ನನ್ನ ಮಗಳು.