ಹೊಸ ಭುಜ ಮತ್ತು ಮಗಳ ಧಾರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ. ಮೂವತ್ತು ವರ್ಷ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು 'ಸರಿ ಇದೆ', 'ಸರಿ ಇಲ್ಲ' ಎಂದು ಬರೆದದ್ದಷ್ಟೇ ನನ್ನ ಬರವಣಿಗೆ. ನಗು ಬರುವ ಜಾಗಕ್ಕೆ ಮೊದಲೇ ನಾನು ವಿವರಣೆ ಕೊಟ್ಟು ಅದನ್ನು ಕೆಡಿಸುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಇಲ್ಲೂ ಕೆಡಿಸಿದರೆ ಮನ್ನಿಸಿ. ಆದರೆ ದೇಹದ ಒಂದು ಭಾಗ ರಿಪೇರಿಗೆ ಹೋಯಿತೆಂದರೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಯಾರಾದರೂ ಬರೆದಿಡಬೇಕಲ್ಲ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಇಂದಿರಾನಗರದಲ್ಲಿ ಇನ್ನೂ ಮೆಟ್ರೋ ಕಂಬಗಳು ಏಳದ ಕಾಲ. ನಾವಿದ್ದದ್ದು ಬೈಯಪ್ಪನಹಳ್ಳಿ ಕಡೆ, ಒಂದು ಮನೆಯ ಮೊದಲನೇ ಮಹಡಿಯಲ್ಲಿ. ಮಗಳ ಮದುವೆಗೆ ಹತ್ತು ಹನ್ನೊಂದು ವಾರ ಇತ್ತು. ಸಜ್ಜೆಯ ಮೇಲಿದ್ದ ಹಿತ್ತಾಳೆ ಕೊಳದಪ್ಪಲೆ ಇಳಿಸೋಣವೆಂದು ಸ್ಟೂಲ್ ಹತ್ತಿದೆ. ಮೊದಲು ಕೊಳದಪ್ಪಲೆ ಇಳಿಯಿತು, ಆಮೇಲೆ ನಾನು. ಪಾತ್ರೆಗೆ ಏನೂ ಆಗಲಿಲ್ಲ. ನನ್ನ ಬಲಭುಜದ ಗುಂಡು ನಾಲ್ಕು ಚೂರಾಯಿತು. "ಜೋಡಿಸೋಕಾಗಲ್ಲ, ಬದಲಾಯಿಸ್ಬೇಕು" ಎಂದರು ಡಾಕ್ಟರು. ಮೂಳೆಯ ಗುಂಡಿನ ಬದಲು ಲೋಹದ ಗುಂಡು. ನಾನು ಅಭ್ಯಾಸಬಲದಿಂದ ಅದರ ಅಳತೆ ಎಷ್ಟು, ಹೆಚ್ಚು ಕಡಿಮೆ ಎಷ್ಟು ಬಿಡ್ತೀರಿ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ನನಗೆ ಭುಜದ ಚಿಂತೆ ಇರಲಿಲ್ಲ. ಧಾರೆಯ ಚಿಂತೆ ಇತ್ತು. ನಮ್ಮ ಪದ್ಧತಿಯಲ್ಲಿ ಧಾರೆಯ ಹೊತ್ತಿಗೆ ಹುಡುಗಿಯ ಅಪ್ಪ ಎದೆಯ ಮಟ್ಟಕ್ಕೆ ಕೈ ಚಾಚಿ, ಬಲಗೈಯಲ್ಲಿ ಅಳಿಯನ ಕೈಯನ್ನೂ ಎಡಗೈಯಲ್ಲಿ ಮಗಳ ಕೈಯನ್ನೂ ಸೇರಿಸಿ ಹಿಡಿದುಕೊಳ್ಳಬೇಕು. ಮೇಲೊಂದು ತೆಂಗಿನಕಾಯಿ. ಅಮ್ಮ ಅದರ ಮೇಲೆ ನೀರು ಬಿಡುತ್ತಾಳೆ. ಮಂತ್ರ ಮುಗಿಯುವವರೆಗೆ ಅಪ್ಪನ ಕೈ ಇಳಿಯುವ ಹಾಗಿಲ್ಲ. ಒಬ್ಬಳೇ ಮಗಳು. ಆ ಕೈ ನನ್ನದೇ ಆಗಿರಬೇಕು ಎಂದು ನಾನು ಹಟ ಹಿಡಿದೆ.

೧. ಕಣ್ಣು ಹೊಡೆದದ್ದು

ಭುಜದ ಆಪರೇಷನ್ನಿಗೆ ಕುತ್ತಿಗೆಯ ಬುಡಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ತೋಳಿನ ನರಗಳೆಲ್ಲ ಮಲಗಿಬಿಡುತ್ತವೆ. ಎಚ್ಚರವಾದಾಗ ನನ್ನ ಹೊಟ್ಟೆಯ ಮೇಲೆ ಬೆಚ್ಚಗಿನ, ಭಾರವಾದ ಒಂದು ಕೈ ಇತ್ತು.

"ಯಾರದೋ ಕೈ ನನ್ನ ಮೇಲಿದೆ, ತೆಗೆಯೋಕೆ ಹೇಳಮ್ಮ" ಎಂದೆ ನರ್ಸಿಗೆ.

"ಅದು ನಿಮ್ದೇ ಅಂಕಲ್."

ಹೆಬ್ಬೆರಳಿನ ಮೇಲಿದ್ದ ಹಳೇ ಗಾಯದ ಗುರುತು ನೋಡಿದ ಮೇಲೆ ಒಪ್ಪಿಕೊಂಡೆ.

ಆ ಇಂಜೆಕ್ಷನ್ನಿಗೆ ಇನ್ನೆರಡು ಗುಣಗಳಿವೆ. ಕೆಲವರಿಗೆ ಅದೇ ಕಡೆಯ ಕಣ್ಣಿನ ರೆಪ್ಪೆ ಅರ್ಧ ದಿನ ಜೋತುಬೀಳುತ್ತದೆ, ಗಂಟಲು ಕಟ್ಟುತ್ತದೆ. ನನಗೆ ಎರಡೂ ಆಗಿತ್ತು. ಅಷ್ಟರಲ್ಲಿ ಬೆನ್ಸನ್ ಟೌನಿನಿಂದ ನನ್ನ ಅಣ್ಣ ನೋಡಲು ಬಂದ. ಜೀವವಿಮೆ ಕಚೇರಿಯಲ್ಲಿದ್ದು ನಿವೃತ್ತನಾದವನು. ಹಾಗಾಗಿ ಎಲ್ಲರ ವಿಷಯದಲ್ಲೂ ಕೆಟ್ಟದ್ದನ್ನೇ ಮೊದಲು ಲೆಕ್ಕ ಹಾಕುತ್ತಾನೆ.

"ನೀನೇನೂ ಯೋಚ್ನೆ ಮಾಡ್ಬೇಡ ಕಣೋ. ಧಾರೆಗೆ ನಾನು ನಿಂತ್ಕೋತೀನಿ. ಅಪ್ಪ ಆದ್ರೇನು, ದೊಡ್ಡಪ್ಪ ಆದ್ರೇನು."

"ಬೇಡ, ನಾನೇ ಮಾಡ್ತೀನಿ" ಎಂದೆ. ಅದು ಪಿಸುಮಾತಿನ ಹಾಗೆ ಬಂತು. ಅಣ್ಣ ನನ್ನ ಮುಖ ನೋಡಿದ, ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದ, ನಿಧಾನವಾಗಿ ತಲೆಯಾಡಿಸಿದ. "ಆಯ್ತು ಆಯ್ತು, ಅರ್ಥ ಆಯ್ತು" ಎಂದು ಹೊರಟುಹೋದ.

ವಾರದಲ್ಲಿ ಸುದ್ದಿ ಬಂತು. ಅಣ್ಣ ಧಾರೆಗೆಂದು ಜರಿಯಂಚಿನ ರೇಷ್ಮೆ ಪಂಚೆ ತಂದಿದ್ದಾನಂತೆ. ಹೆಂಡತಿ ಫೋನ್ ಮಾಡಿ ಕೇಳಿದಳು. ಅಣ್ಣ ಹೇಳಿದ್ದು ಇಷ್ಟು: "ನಿನ್ನೆದುರಿಗೆ ಬೇಡ ಅಂದ ಕಣಮ್ಮ, ಆದ್ರೆ ನಂಗೆ ಕಣ್ಣು ಹೊಡೆದು ಹೂಂ ಅಂದ. ಹುಟ್ಟಿದಾಗಿಂದ ನೋಡ್ತಿದೀನಿ, ನನ್ ತಮ್ಮ ನಂಗೆ ಗೊತ್ತಿಲ್ವಾ?"

ಹೆಂಡತಿ ಫೋನ್ ಇಟ್ಟು ನನ್ನ ಕಡೆ ತಿರುಗಿದಳು. "ನಿಮ್ಮಣ್ಣ ಪಂಚೆ ತಗೊಂಡ್ರು. ಅವತ್ತು ಪೂರ್ತಿ ಆ ನರ್ಸಿಗೂ ಕಣ್ಣು ಹೊಡೀತಿದ್ರಿ. ಅವಳೇನು ತಗೊಂಡ್ಳೋ ವಿಚಾರಿಸಿ."

೨. ಹತ್ತಿಯ ಪರೀಕ್ಷೆ

ಭುಜ ಸರಿಯಾಗಿ ಕೂತಿತ್ತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಏಳಲೇ ಇಲ್ಲ. ಒಂದು ಹೊತ್ತು ಜೋಮು, ಇನ್ನೊಂದು ಹೊತ್ತು ಇರುವೆ ಸಾಲು ಹೋದ ಹಾಗೆ, ಮತ್ತೊಂದು ಹೊತ್ತು ಒಗ್ಗರಣೆಗೆ ಬೆರಳಿಟ್ಟ ಹಾಗೆ ಉರಿ. ಬಿದ್ದಾಗಲೇ ನರ ಎಳೆದುಕೊಂಡಿದೆ ಎಂದರು ಡಾಕ್ಟರು. "ಟೆಲಿಫೋನ್ ಕೇಬಲ್ ಇದ್ದ ಹಾಗೆ ಅನ್ಕೊಳ್ಳಿ. ಲೈನ್ ಸತ್ತಿಲ್ಲ. ಡಯಲ್ ಟೋನ್ ಬರೋಕೆ ತಿಂಗಳುಗಳು ಬೇಕು."

"ಮದುವೆಗೆ ಎಂಟು ವಾರ ಇದೆ ಡಾಕ್ಟ್ರೇ."

"ಕೇಬಲ್‌ಗೆ ಮುಹೂರ್ತ ಗೊತ್ತಾಗಲ್ಲ ರೀ."

ಹಲಸೂರಿನಲ್ಲಿ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ, ನಗುವುದೇ ಇಲ್ಲ. ವಾರಕ್ಕೊಮ್ಮೆ ನನ್ನನ್ನು ಕಣ್ಣು ಮುಚ್ಚಿಸಿ, ಹತ್ತಿಯ ತುಣುಕಿನಿಂದ ಒಂದೊಂದು ಬೆರಳು ಸವರಿ, ಯಾವ ಬೆರಳೆಂದು ಕೇಳುತ್ತಿದ್ದಳು. ನನಗೇನೂ ತಿಳಿಯುತ್ತಿರಲಿಲ್ಲ. ಆದರೆ ತಿಳಿಯುವುದಿಲ್ಲ ಎಂದರೆ ಆ ಸುದ್ದಿ ಮನೆಗೆ ಹೋಗುತ್ತದೆ, ಮನೆಯಿಂದ ಬೆನ್ಸನ್ ಟೌನಿಗೆ ಹೋಗುತ್ತದೆ. ಹಾಗಾಗಿ ಕಳ್ಳಗಣ್ಣಲ್ಲಿ ನೋಡಿ ಸರಿಯಾಗಿ ಹೇಳುತ್ತಿದ್ದೆ. ಎರಡು ವಾರ ಪಾಸಾದೆ.

ಮೂರನೇ ವಾರ ಅವಳು ನನ್ನ ಕಣ್ಣಿಗೆ ಟವೆಲ್ ಕಟ್ಟಿದಳು. ನಾನು ಸೋಲಲಿಲ್ಲ. ಹಿಂದಿನ ವಾರಗಳ ಕ್ರಮ ನೆನಪಿತ್ತು. ಗಟ್ಟಿಯಾಗಿ, "ಹೆಬ್ಬೆರಳು. ಈಗ ತೋರುಬೆರಳು. ಈಗ ಮತ್ತೆ ಹೆಬ್ಬೆರಳು" ಎಂದೆ.

ಆಮೇಲೆ ಕೋಣೆಯ ಆ ಕಡೆಯ ಮೂಲೆಯಿಂದ ಅವಳ ದನಿ ಬಂತು.

"ಸಾರ್, ನಾನಿನ್ನೂ ಹತ್ತಿ ಹುಡುಕ್ತಾ ಇದೀನಿ."

೩. ಅಂಚೆ ಡಬ್ಬಿ

ಲಗ್ನಪತ್ರಿಕೆ ಹಂಚಬೇಕಿತ್ತು. ಬಲಗೈಯನ್ನು ಜೋಳಿಗೆಯಲ್ಲಿ ಕಟ್ಟಿಹಾಕಿದ್ದರು. ಜೋಳಿಗೆ ಎಂದರೆ ಕುತ್ತಿಗೆಗೆ ನೇತುಹಾಕುವ ಪಟ್ಟಿ, ಮೊಣಕೈಯಿಂದ ಮಣಿಕಟ್ಟಿನವರೆಗೂ ಅದರಲ್ಲೇ ಇರುತ್ತದೆ. ಎಡಗೈಯಲ್ಲಿ ಶುಭಕಾರ್ಯದ ಪತ್ರಿಕೆ ಕೊಟ್ಟರೆ ನಮ್ಮ ನೆಂಟರು ಮದುವೆಗೆ ಬರುವುದಿರಲಿ, ಮಾತೂ ಬಿಡುತ್ತಾರೆ. "ನಾನೊಬ್ಳೇ ಹೋಗಿ ಕೊಟ್ಟು ಬರ್ತೀನಿ" ಎಂದಳು ಹೆಂಡತಿ. ಮನೆಯ ಯಜಮಾನ ಬದುಕಿರುವಾಗ ಅದೇಕೆ ಎಂದು ನಾನೂ ಹೊರಟೆ.

ಉಪಾಯ ನನ್ನದೇ. ಪತ್ರಿಕೆಯನ್ನು ಜೋಳಿಗೆಯ ತುದಿಯಲ್ಲಿ ಬಲಗೈ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು, ಎದುರಿನವರ ಮುಂದೆ ಬಾಗಿ ನಿಲ್ಲುವುದು. ಅಂಚೆ ಡಬ್ಬಿಯಿಂದ ಕಾಗದ ತೆಗೆದ ಹಾಗೆ ಅವರೇ ಎಳೆದುಕೊಳ್ಳಬೇಕು. ಬಲಗೈಯಲ್ಲಿ ಕೊಟ್ಟಂತೆಯೂ ಆಯಿತು, ಡಾಕ್ಟರ ಮಾತು ಕೇಳಿದಂತೆಯೂ ಆಯಿತು. ಮೊದಲ ಮೂರು ಮನೆ ಸರಿಹೋಯಿತು. ನಾಲ್ಕನೆಯದು ಹೆಂಡತಿಯ ಸೋದರತ್ತೆಯ ಮನೆ. ಅವರಿಗೆ ಎಂಬತ್ತು ದಾಟಿದೆ, ದೃಷ್ಟಿ ಮಂದ. ಪತ್ರಿಕೆ ಎಳೆದುಕೊಂಡರು. ಆಮೇಲೆ ತೆರೆದ ಜೋಳಿಗೆ ಕಂಡು, ಮಡಿಲು ತುಂಬಿಸಿಕೊಳ್ಳಲು ಬಂದವರ್ಯಾರೋ ಎಂದುಕೊಂಡು, ಎಲೆ, ಅಡಿಕೆ, ಎರಡು ಬಾಳೆಹಣ್ಣು, ಒಂದು ಹಿಡಿ ಅಕ್ಕಿ, ಒಂದು ರವಿಕೆ ಕಣ ತುಂಬಿದರು.

"ದೀರ್ಘ ಸುಮಂಗಲಿಯಾಗಿ ಬಾಳವ್ವ" ಎಂದು ಹರಸಿ ನನ್ನ ಹಣೆಗೆ ಕುಂಕುಮ ಇಟ್ಟರು. ಹೆಂಡತಿಗೆ ಏನೂ ಕೊಡಲಿಲ್ಲ.

೪. ಸಂಜೆ ಆರರ ಕಾಯಿ

ಆರು ವಾರಕ್ಕೆ ಜೋಳಿಗೆ ಬಿಚ್ಚಿದರು. ನಾನು ನೇರವಾಗಿ ಪುರೋಹಿತರ ಹತ್ತಿರ ಹೋದೆ.

"ಧಾರೆಗೆ ಎಷ್ಟು ಹೊತ್ತು ಕೈ ಚಾಚಿರಬೇಕು?"

"ಹುಡುಗನ ಕಡೆ ಮೂರು ತಲೆಮಾರು, ನಿಮ್ಮ ಕಡೆ ಮೂರು ತಲೆಮಾರು. ಹೆಸರು, ಗೋತ್ರ ಎಲ್ಲಾ ಸೇರಿಸಿ ಮೂರು ಸಲ ಹೇಳ್ಬೇಕು."

"ಎರಡೆರಡು ತಲೆಮಾರು ಸಾಲಲ್ವಾ?"

"ಯಾವ ಅಜ್ಜನ್ನ ಬಿಡ್ಲಿ, ನೀವೇ ಹೇಳಿ."

ನನಗೆ ಯಾವ ಅಜ್ಜನನ್ನು ಬಿಡಲೂ ಮನಸ್ಸಾಗಲಿಲ್ಲ. ದಿನಾ ಸಂಜೆ ಆರಕ್ಕೆ ಅಭ್ಯಾಸ ಶುರು ಮಾಡಿದೆ. ಎರಡೂ ಕೈ ಚಾಚಿ, ಒಂದು ಸಣ್ಣ ತೆಂಗಿನಕಾಯಿ ಹಿಡಿದು ನಿಲ್ಲುವುದು. ಭುಜ ತಡೆಯುತ್ತಿತ್ತು. ತೊಂದರೆ ಬೆರಳಿನದು. ಹಿಡಿದಿವೆಯೋ ಇಲ್ಲವೋ ಎಂದು ಅವಕ್ಕೇ ಗೊತ್ತಿಲ್ಲ. ಕಣ್ಣಿಟ್ಟು ನೋಡುತ್ತಿದ್ದರೆ ಹಿಡಿದಿರುತ್ತವೆ, ನೋಟ ಆಚೆ ಹೋದರೆ ಸಡಿಲ ಬಿಡುತ್ತವೆ. ಕಾಯಿ ಧಡ್ ಎಂದು ನೆಲಕ್ಕೆ. ಆ ತಿಂಗಳು ನಮ್ಮ ಮನೆಯಲ್ಲಿ ಮೂರು ಹೊತ್ತೂ ಚಟ್ನಿ.

ಒಂದು ಸಂಜೆ ಕೆಳಗಿನ ಮನೆಯ ತಮಿಳು ಆಂಟಿ ಮೇಲೆ ಬಂದರು. ಜಗಳಕ್ಕೆ ಬಂದರೆಂದು ನಾನು ಮೊದಲೇ ಸಮಜಾಯಿಷಿ ಹೇಳಲು ಸಿದ್ಧನಾಗಿದ್ದೆ. ಅವರ ಕೈಯಲ್ಲೂ ಒಂದು ಕಾಯಿ ಇತ್ತು.

"ದಿನಾ ಆರು ಗಂಟೆಗೆ ಕರೆಕ್ಟಾಗಿ ದೃಷ್ಟಿ ಕಾಯಿ ಒಡೀತೀರ. ಅದಕ್ಕೇ ನಿಮ್ ಪೊಣ್ಣುಗೆ ಅಷ್ಟು ಒಳ್ಳೇ ವರ ಸಿಕ್ತು. ನಮ್ ಪೊಣ್ಣು ಹೆಸರಲ್ಲೂ ಒಂದು ಒಡೆದ್ಬಿಡಿ ಸಾರ್."

ವಿವರಿಸಿದೆ. ನರ, ಕೇಬಲ್, ಡಯಲ್ ಟೋನ್ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಸರಿ ಸಾರ್, ಈಗ ಒಡೀರಿ" ಎಂದು ಎದುರಿಗೆ ಕೂತರು. ಹಿಡಿದು ನಿಂತೆ. ಆವತ್ತು ಕಾಯಿ ಬೀಳಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನನಗೆ ಒಳಗೊಳಗೇ ಖುಷಿ. ಆಂಟಿಯ ಕಣ್ಣು ತುಂಬಿ ಬಂತು.

"ಎಲ್ಲರದ್ದೂ ಒಡೆಯುತ್ತೆ. ನಮ್ದು ಮಾತ್ರ ಯಾಕೆ ಸಾರ್ ಒಡೀತಿಲ್ಲ?"

ಇನ್ನೇನು ಮಾಡಲಿ. ಬೇಕೆಂದೇ ಕಣ್ಣು ಮುಚ್ಚಿಕೊಂಡೆ. ಬಿತ್ತು. ಮರುದಿನ ಅವರ ಪಕ್ಕದ ಮನೆಯವರೂ ಬಂದರು.

೫. ಕೈ ಬಿಡಿ ಮಾವ

ಮದುವೆ ಹಲಸೂರಿನ ಒಂದು ಛತ್ರದಲ್ಲಿ. ಅಣ್ಣ ರೇಷ್ಮೆ ಪಂಚೆ ಉಟ್ಟು ಮಂಟಪದಲ್ಲಿ ನನ್ನ ಬೆನ್ನಿಗೇ ನಿಂತಿದ್ದ. "ನೀನು ಶುರು ಮಾಡು. ಕೈ ನಡುಗಿದ್ರೆ ಒಂದು ಮಾತು ಹೇಳು, ನಾನು ಬಂದ್ಬಿಡ್ತೀನಿ" ಎಂದ. ಕ್ರಿಕೆಟ್ಟಿನಲ್ಲಿ ಹನ್ನೆರಡನೆಯವನು ನಿಂತ ಹಾಗೆ.

ಕೈ ಚಾಚಿದೆ. ಬಲಗೈಯಲ್ಲಿ ಅಳಿಯನ ಕೈ, ಎಡಗೈಯಲ್ಲಿ ಮಗಳ ಕೈ. ಬೆರಳುಗಳಿಗೆ ಮನಸ್ಸಿನಲ್ಲೇ ಒಂದೇ ಆಜ್ಞೆ ಕೊಟ್ಟಿದ್ದೆ, ಏನಾದರೂ ಆಗಲಿ, ಬಿಡಬೇಡಿ. ಹೆಂಡತಿ ನೀರು ಬಿಡತೊಡಗಿದಳು. ಪುರೋಹಿತರು ಮುತ್ತಜ್ಜಂದಿರಿಂದ ಶುರು ಮಾಡಿದರು. ಮೊದಲ ಸಲ ಸುಖವಾಗಿ ಕಳೆಯಿತು. ಎರಡನೇ ಸಲಕ್ಕೆ ಭುಜದಲ್ಲಿ ಸಣ್ಣ ಉರಿ.

"ಬರ್ಲಾ?" ಎಂದ ಅಣ್ಣ ಕಿವಿಯ ಹತ್ತಿರ.

"ಅಲ್ಲೇ ಇರಣ್ಣ."

ಮೂರನೇ ಸಲಕ್ಕೆ ಬೆವರು ಕಣ್ಣಿಗಿಳಿಯಿತು. ಕೊನೆಯ ಅಜ್ಜ ಮುಗಿದರು. ವಾಲಗ ಜೋರಾಯಿತು. ಅಷ್ಟರಲ್ಲಿ ಶಿವಾಜಿನಗರದಿಂದ ಬಂದಿದ್ದ ವಿಡಿಯೋದವರು ಕೈ ಎತ್ತಿದರು. "ಸಾರ್, ಹಂಗೇ ಇರಿ, ಹಿಲ್ಬೇಡಿ, ಅಲ್ಲಾಡ್ಬೇಡಿ. ಕ್ಯಾಸೆಟ್ ಖತಂ ಆಯ್ತು. ಹೊಸದು ಹಾಕಿ ಇನ್ನೊಂದ್ಸಲ ನೀರು ಬಿಡ್ಸೋಣ."

ಮದುವೆಮನೆಯಲ್ಲಿ ಪುರೋಹಿತರ ಮಾತು ಮೀರಬಹುದು, ವಿಡಿಯೋದವರ ಮಾತು ಮೀರುವಂತಿಲ್ಲ. ಹೆಂಡತಿ ಮತ್ತೆ ನೀರು ಬಿಟ್ಟಳು.

"ಈಗ್ಲಾದ್ರೂ ಬರ್ಲಾ?" ಎಂದ ಅಣ್ಣ.

"ಬಂದ್ರೆ ನೋಡು" ಎಂದೆ. ಅದು ಮೈಕಿನಲ್ಲಿ ಕೇಳಿಸಿತಂತೆ.

ಮುಗಿಯಿತು. ಪುರೋಹಿತರು ಕಾಯಿ ತೆಗೆದುಕೊಂಡರು. ನಾನು ಗೆದ್ದೆನೆಂದು ತಲೆಯೆತ್ತಿ ಛತ್ರದ ತುಂಬ ಒಂದು ಸುತ್ತು ನೋಡಿದೆ. ಹಾಗೆ ಎಷ್ಟು ಹೊತ್ತು ನೋಡಿದೆನೋ. ಅಳಿಯ ಮೆಲ್ಲಗೆ ಹೇಳಿದ, "ಮಾವ, ಕೈ ಬಿಡಿ."

"ಬಿಟ್ಟಿದೀನಲ್ಲಪ್ಪ."

"ಇಲ್ಲ ಮಾವ."

ಬಗ್ಗಿ ನೋಡಿದೆ. ನನ್ನ ಮೂರೂ ಬೆರಳು ಅವನ ಮಣಿಕಟ್ಟಿಗೆ ಇಕ್ಕಳದ ಹಾಗೆ ಕಚ್ಚಿಕೊಂಡಿವೆ. ಬಿಡಿ ಎಂದೆ, ಬಿಡಲಿಲ್ಲ. ಅವಕ್ಕೆ ಕೊಟ್ಟಿದ್ದು ಒಂದೇ ಆಜ್ಞೆ ತಾನೆ. ವಾಲಗ ನಿಂತಿತು. ಬೀಗರ ಕಡೆ ಒಬ್ಬರು ಕಟ್ಟುನಿಟ್ಟಿನ ಅತ್ತೆ ಇದ್ದರು, ಕಾಫಿಗೆ ಸಕ್ಕರೆ ಕಡಿಮೆ ಎಂದು ಬೆಳಿಗ್ಗೆಯಿಂದ ಮುಖ ಗಂಟುಹಾಕಿಕೊಂಡಿದ್ದವರು. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಮಗಳನ್ನ ಬಿಟ್ಟುಕೊಡೋಕೆ ಆಗ್ತಿಲ್ಲ ಪಾಪ" ಎಂದರು ಯಾರೋ. ಸಾಲುಸಾಲಾಗಿ ಕರ್ಚೀಫುಗಳು ಹೊರಬಂದವು. ಅಣ್ಣ ಹೊಸ ಪಂಚೆಯ ಅಂಚನ್ನೇ ಎತ್ತಿ ಮೂಗು ಒರೆಸಿಕೊಂಡ. ಕೊನೆಗೆ ಪುರೋಹಿತರು ಬಾಳೆಗೊನೆಯಿಂದ ಹಣ್ಣು ಕೀಳುವ ಹಾಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿದೆ, ಅದು ಪ್ರೀತಿ ಅಲ್ಲ, ನರ ಎಂದು. ಒಬ್ಬರೂ ನಂಬಲಿಲ್ಲ. "ಸುಮ್ನಿರೋ, ನನ್ ತಮ್ಮ ನಂಗೆ ಗೊತ್ತಿಲ್ವಾ" ಎಂದ ಅಣ್ಣ. ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಅದು ನರ. ತಪಾಸಣೆ ವಿಭಾಗದಲ್ಲಿದ್ದವನು ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು.

ಆದರೆ ತಿಂಗಳ ಮೇಲೆ ಮದುವೆಯ ಆಲ್ಬಂ ಬಂತು. ಹೆಂಡತಿ ಧಾರೆಯ ಫೋಟೋದ ಮೇಲೆ ಬೆರಳಿಟ್ಟು ಕೇಳಿದಳು. "ಬಲಗೈಗೆ ನರ, ಒಪ್ಕೊಂಡೆ. ನೋಡಿ, ಎಡಗೈಯಲ್ಲಿ ಅವಳ ಕೈಯನ್ನೂ ಹಾಗೇ ಹಿಡ್ಕೊಂಡಿದೀರಲ್ಲ. ಇದಕ್ಕೇನಾಗಿತ್ತು?"

ಅದಕ್ಕೂ ಕಾರಣವಿದೆ. ಎಡಗೈಗೆ ಆಪರೇಷನ್ ಆಗಿರಲಿಲ್ಲ, ನಿಜ. ಅದರ ಬೆರಳುಗಳಿಗೆ ಎಲ್ಲವೂ ತಿಳಿಯುತ್ತಿತ್ತು, ಅದೂ ನಿಜ. ಆದರೆ ಎರಡೂ ತೋಳಿಗೆ ಬೆನ್ನಿನ ಕಡೆಯಿಂದ ಒಂದು ಸಂಬಂಧ ಇರುತ್ತದೆ. ಅದು ಹೇಗೆಂದು ಹೇಳಬೇಕಾದರೆ ಕುತ್ತಿಗೆಯಿಂದ ಶುರು ಮಾಡಬೇಕು. ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಅವುಗಳಲ್ಲಿ ಮೇಲಿನಿಂದ ಐದನೆಯದರ ಕೆಳಗೆ ಹೊರಡುವ ನರ ಇದೆಯಲ್ಲ, ಅದು ಎಡಗಡೆಗೆ ಬಂದಾಗ...

"ರೀ, ಬರ್ದಿದ್ದು ಸಾಕು. ಮಗಳು ಬಂದ್ಳು, ಹೋಗಿ ಗೇಟ್ ತೆಗೀರಿ."