ಎಡಗಡೆಯ ಗಾಲಿ ಸಾಂಗಲಿಯದು

ದೊಡ್ಡ ಪಾಪ ಮಾಡಲು ದೊಡ್ಡ ಗುಂಡಿಗೆ ಬೇಕು. ನನ್ನ ಪಾಪಗಳೆಲ್ಲ ಮೇಜಿನ ಡ್ರಾಯರಿನಲ್ಲಿ ಹಿಡಿಸುವಷ್ಟು ಸಣ್ಣವು. ಹೊಸ ಬ್ರೇಕ್ ಪ್ಯಾಡುಗಳೆರಡನ್ನು ಒಂದೂವರೆ ತಿಂಗಳು ನನ್ನ ಡ್ರಾಯರಿನಲ್ಲಿ, ಹೆಂಡತಿ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿಯ ಪಕ್ಕ ಬಚ್ಚಿಟ್ಟಿದ್ದೆ ಎಂದರೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಆದರೆ ಆ ಎರಡು ತುಂಡುಗಳಿಂದಾಗಿ ಇಬ್ಬರು ಸಂಸಾರಸ್ಥರು ಪ್ರಾಣ ಕಳೆದುಕೊಳ್ಳುವುದರಲ್ಲಿದ್ದರು. ಅವರಲ್ಲಿ ಒಬ್ಬ ನಾನೇ.

ಮಹಾರಾಷ್ಟ್ರದ ಸಾಂಗಲಿಯಲ್ಲಿ, ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ನಾನು ಗೋದಾಮು ನೋಡಿಕೊಳ್ಳುವವನು. ಪಕ್ಕದ ಮಿರಜಿನಲ್ಲಿ ಇಂಥದೇ ಇನ್ನೊಂದು ಕಂಪನಿ ಇತ್ತು. ಅಲ್ಲಿಯ ಗೋದಾಮು ಮಗದುಮ ಎಂಬವರದು. ಮಾಲೀಕರಿಬ್ಬರೂ ಬೀಗರಾದ ಮೇಲೆ ಕಂಪನಿಗಳೂ ಒಂದಾದವು. ಅವರ ಮನೆಗೆ ಸೊಸೆ ಬಂದಳು, ನಮ್ಮ ಮನೆಗೆ ಚಿಂತೆ ಬಂತು. ಹೊಸ ವ್ಯವಸ್ಥೆಯಲ್ಲಿ ನಮ್ಮಿಬ್ಬರಲ್ಲಿ ಒಬ್ಬರಷ್ಟೇ ಮುಖ್ಯಸ್ಥರು, ಇನ್ನೊಬ್ಬರು ಅವರ ಕೈಕೆಳಗೆ. ಅಂದಿನಿಂದ ನಾವಿಬ್ಬರೂ ಸಿಕ್ಕಾಗಲೆಲ್ಲ ಮರಾಠಿಯಲ್ಲಿ, ಅದೂ ಸರಕಾರಿ ಅರ್ಜಿಯಂಥ ಮರಾಠಿಯಲ್ಲಿ ಮಾತನಾಡತೊಡಗಿದೆವು. ನನ್ನ ಮನೆಮಾತು ಕನ್ನಡ. ಆದರೆ ಪೈಪೋಟಿಯವನ ಮುಂದೆ ಮನೆಮಾತು ಆಡುವುದೆಂದರೆ ಬನಿಯನ್ನಿನಲ್ಲಿ ನಿಂತಂತೆ ಎಂದು ನಾನು ತಿಳಿದಿದ್ದೆ.

ಇರುವ ಒಂದು ಪಿಕಪ್ ಗಾಡಿ ಇಬ್ಬರಿಗೂ ಸೇರಿದ್ದು, ದುರಸ್ತಿ ಅರ್ಧರ್ಧ ಎಂದು ಮಾಲೀಕರ ಆಜ್ಞೆಯಾಗಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಅದು ಕಿರ್ರೆಂದು ಅರಚತೊಡಗಿದಾಗ ಬಾಪು ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಬಾಪು ಮುಂದಿನ ಎರಡೂ ಗಾಲಿ ಬಿಚ್ಚಿ, ಸವೆದು ಬರೀ ತಗಡು ಉಳಿದಿದ್ದ ಪ್ಯಾಡುಗಳನ್ನು ತೋರಿಸಿದ. ಹೊಸ ಡಬ್ಬಿ ತರಿಸಿ, ಎಡಗಡೆಗೆ ಮಾತ್ರ ಹಾಕೆಂದೆ.

ನಮ್ಮ ಕನ್ನಡದವನೇ ಆದ ಬಾಪು ನನ್ನನ್ನು ಮೇಲೆ ಕೆಳಗೆ ನೋಡಿದ. “ಸಾಹೇಬ್ರ, ಒಂದ ಡಬ್ಬ್ಯಾಗ ಎರಡೂ ಗಾಲಿಗಿ ಬರ್ತಾವ್ರಿ. ಒಂದಕ್ಕ ಹಾಕಿದ್ರ ಗಾಡಿ ಒಂದ ಕಡೆ ಎಳೀತೈತಿ.”

“ಎಡಗಡಿ ಗಾಲಿ ಸಾಂಗಲಿದು. ಬಲಗಡಿದು ಮಿರಜಿನವ್ರು ಹಾಕಸ್ತಾರ. ನಮ್ಮ ಪಾಲು ಮುಗೀತು.”

“ಹಂಗಾದ್ರ ಗರಗಸ ತಂದು ಗಾಡೀನ ನಡುವ ಕೊಯ್ದು ಕೊಡ್ಲೇನ್ರಿ?”

ನಾನು ನಗಲಿಲ್ಲ. ಉಳಿದ ಎರಡು ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಸೇರಿಸಿದೆ. ನಮ್ಮ ಗಾಲಿಗೆ ಮುಂದಿನ ಸಲಕ್ಕಾಯಿತು ಎಂಬ ದೂರದೃಷ್ಟಿ! ಉಳಿದ ಪ್ಯಾಡುಗಳ ಮಾತೆತ್ತದೆ, ನಮ್ಮ ಎಡಗಾಲಿ ಆಯಿತು, ಬಲಗಾಲಿ ನಿಮ್ಮದು ಎಂದು ಮಗದುಮರಿಗೆ ಪತ್ರ ಬರೆದೆ. ಬಲಗಾಲಿಯ ಬಗ್ಗೆ ವಿಚಾರ ಮಾಡಲಾಗುವುದು ಎಂದು ಉತ್ತರ ಬಂತು. ಅವರೂ ವಿಚಾರ ಮಾಡುತ್ತಲೇ ಕುಳಿತರು. ನಾನು ಮೊದಲು ಹಾಕಿಸಿದ್ದರಿಂದ, ಈಗ ಅವರು ಹಾಕಿಸಿದರೆ ನನ್ನನ್ನು ಹಿಂಬಾಲಿಸಿದಂತೆ ಆಗುತ್ತಿತ್ತಲ್ಲ! ನಮ್ಮ ಚಾಲಕ ಪುಣ್ಯಾತ್ಮ, ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿ ದಿನ ತಳ್ಳಿದ.

ಆತ ತಂಗಿಯ ಮದುವೆಗೆಂದು ರಜೆ ಹಾಕಿದ ದಿನವೇ ಕವಲಾಪುರಕ್ಕೆ ಪೆಟ್ಟಿಗೆ ಮುಟ್ಟಿಸಬೇಕಾಯಿತು. ನಾನೇ ಓಡಿಸುತ್ತೇನೆಂದು ಹೊರಟೆ. ಕೆಲಸದ ಹೆಸರೆಲ್ಲ ನನಗೊಬ್ಬನಿಗೇ ಬಂದೀತೆಂದು ಮಗದುಮರೂ ಬಂದು ಪಕ್ಕದಲ್ಲಿ ಕುಳಿತರು. ಊರು ಹತ್ತಿರವಾದಾಗ ಎಮ್ಮೆಯೊಂದು ನಿಧಾನವಾಗಿ ರಸ್ತೆಗೆ ಬಂದು ನಿಂತುಬಿಟ್ಟಿತು. ಬ್ರೇಕನ್ನು ಬಲವಾಗಿ ಒತ್ತಿದೆ. ಸಾಂಗಲಿಯ ಗಾಲಿ ನಿಷ್ಠೆಯಿಂದ ಹಿಡಿಯಿತು, ಮಿರಜಿನದು ಹಿಡಿಯಲಿಲ್ಲ. ಗಾಡಿ ಗಕ್ಕನೆ ಎಡಕ್ಕೆ ತಿರುಗಿ, ರಸ್ತೆ ಬಿಟ್ಟು, ಜೋಳದ ಕಣಿಕೆಯ ಬಣವೆಗೆ ಹೊಕ್ಕಿತು.

“ಸತ್ನೋ ಯಪ್ಪಾ! ಹಿಡೀರಿ, ಹಿಡೀರಿ!” ಎಂದು ಮಗದುಮರು ಚೀರಿದರು. ನಾನು “ಯವ್ವಾ!” ಎಂದೆ. ಗಾಡಿ ನಿಂತಿತು. ತಲೆಯ ತುಂಬ ಕಣಿಕೆ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ನೀವೂ ನಮ್ಮ ಕನ್ನಡ ಮಂದೀನ ಏನ್ರಿ?” ಎಂದೆ.

“ಅದಿರ್ಲಿ. ಗಾಡಿ ಹಿಂಗ್ಯಾಕ ಎಡಕ್ಕ ಬಂತು?”

ಸಾವು ಅಷ್ಟು ಹತ್ತಿರದಿಂದ ಹಾದುಹೋದಾಗ ಸುಳ್ಳು ಬಾಯಿಗೆ ಬರುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

“ಆ ಎರಡು ಪ್ಯಾಡ್ ಇಷ್ಟ ದಿನಾ ಎಲ್ಲಿದ್ವು?”

“ನನ್ನ ಡ್ರಾಯರದಾಗ್ರಿ.”

ಮಗದುಮರು ಬೈಯುತ್ತಾರೆಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನ ಬಾಪು ಬಲಗಾಲಿಗೂ ಪ್ಯಾಡ್ ಹಾಕಿ, ಗರಗಸದ ಮಾತೆತ್ತದೆ ಗಾಡಿ ಕಳಿಸಿದ. ಮಗದುಮರೂ ನಾನೂ ಗೆಳೆಯರಾದೆವು.

ಕೊನೆಗೆ ಮಾಲೀಕರು ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಯಾರು ಮುಖ್ಯಸ್ಥರಾಗಬೇಕೋ ನೀವೇ ಬರೆಯಿರಿ ಎಂದರು. ನನ್ನ ಎದೆ ತುಂಬಿ ಬಂತು. ಪಾಪ ಕಳೆಯಲಿ ಎಂದು ಮಗದುಮರ ಹೆಸರನ್ನೇ ಬರೆದೆ. ಅವರೂ ಕರಗಿ ನನ್ನ ಹೆಸರು ಬರೆದಾರು, ಸಮಸಮ ಆದರೆ ವಯಸ್ಸಿನಲ್ಲಿ ದೊಡ್ಡವನೆಂದು ಮಾಲೀಕರು ನನಗೇ ಕೊಟ್ಟಾರು ಎಂಬ ಸಣ್ಣ ಆಸೆಯೂ ಇತ್ತೆನ್ನಿ. ಚೀಟಿ ಬಿಚ್ಚಿದರೆ ಎರಡರಲ್ಲೂ ಮಗದುಮ.

“ಬೇಜಾರ ಆತೇನ್ರಿ?” ಎಂದರು ಅವರು. ಇಲ್ಲವೆಂದೆ. ಮುಖ್ಯಸ್ಥರಾಗಿ ಅವರು ಹೊರಡಿಸಿದ ಮೊದಲ ಆಜ್ಞೆ, ನನ್ನ ಡ್ರಾಯರಿನ ಕೀಲಿಕೈ ಇನ್ನು ಮುಂದೆ ಅವರ ಬಳಿ ಇರತಕ್ಕದ್ದು ಎಂಬುದು. ಈಗ ಊಟದ ಹೊತ್ತಿಗೆ ನನ್ನದೇ ಶೇಂಗಾ ಚಟ್ನಿಗಾಗಿ ಅವರ ಮುಂದೆ ಕೈಕಟ್ಟಿ ನಿಲ್ಲುತ್ತೇನೆ. ಅವರು ಡ್ರಾಯರು ತೆಗೆದು, ಡಬ್ಬಿಯನ್ನು ನಡುವೆ ಇಟ್ಟು, ಚಮಚದಿಂದ ಗೆರೆ ಎಳೆಯುತ್ತಾರೆ. ಎಡಗಡೆಯದು ಸಾಂಗಲಿಯದು.